ಅಪ್ಪನನ್ನು ಮೇಲಕ್ಕೆ ತರುವುದು

ಪಂಪು ಒಮ್ಮೆ ಗುಟುಕರಿಸಿ ಸುಮ್ಮನಾಯಿತು, ಒತ್ತಡ ಕೂದಲೆಳೆಯಷ್ಟು ಇಳಿದಿತ್ತೇನೋ, ತಾನೇ ಸರಿಮಾಡಿಕೊಂಡಿತು, ಮತ್ತೆ ಬರೀ ಫ್ಯಾನಿನ ಸದ್ದು, ಕತ್ತಲೆ ಕೋಣೆ, ಪರದೆಯ ಮೇಲೆ ಹಸಿರು — ಹಸಿರೆಂದರೆ ಜೀವವಿದೆ, ಕೆಂಪೆಂದರೆ ಹೋಗಿದೆ, ಎಡಮೂಲೆಯಲ್ಲಿ ಒಂದೆರಡು ಕೆಂಪು ಚುಕ್ಕೆ, ಅವು ನಿನ್ನೆಯೂ ಇದ್ದವು, ಉಳಿದದ್ದೆಲ್ಲ ಹಸಿರು, ಅಪ್ಪ ಚೆನ್ನಾಗಿದ್ದಾನೆ, ಅಲ್ಲ, ಹಾಗೆ ಯೋಚಿಸಬಾರದು, ಅಪ್ಪನ ತೊಡೆಮೂಳೆಯ ಒಂದು ಚೂರು ಚೆನ್ನಾಗಿದೆ, ಕಿರುಬೆರಳಿನ ಉಗುರಿನಷ್ಟು ಅಗಲ, ಪೋಸ್ಟ್‌ಕಾರ್ಡಿನಷ್ಟು ದಪ್ಪ, ಬೂಟ್‌ಪಾಲಿಶ್ ಡಬ್ಬಿಯಷ್ಟಿರುವ ಉಕ್ಕಿನ ಡಬ್ಬಿಯೊಳಗೆ, ಬೆಚ್ಚಗಿನ ಗುಲಾಬಿ ದ್ರವದಲ್ಲಿ, ಕೃತಕ ನೀಲಮಣಿಯ ಪುಟ್ಟ ಕಿಟಕಿಯ ಹಿಂದೆ, ಗಾಜು ಹಾಕಿದರೆ ಈ ಒತ್ತಡಕ್ಕೆ ಸಿಡಿದುಹೋಗುತ್ತದೆ. ಅಂಥದೇ ಇನ್ನೊಂದು ಡಬ್ಬಿ ಪಕ್ಕದ ಬೆಚ್ಚನೆಯ ಪೆಟ್ಟಿಗೆಯಲ್ಲಿದೆ, ಅದರಲ್ಲಿ ಇನ್ನೊಂದು ಚೂರು, ಅದೇ ಒತ್ತಡ, ಅದೇ ಗಾಳಿ ಬೆರೆತ ದ್ರವ, ಬೆಳಗ್ಗೆ ಬಂದ ಕೂಡಲೇ ಎರಡನ್ನೂ ಒಟ್ಟಿಗೇ ಕೆಳಗಿಳಿಸಿದೆ, ಕೆಳಗೆ ಅಂದರೆ ಅಪ್ಪ ಮುಳುಗಿ ಅಬಲೋನಿ ಎಂಬ ಕಡಲಚಿಪ್ಪು ಕೀಳುತ್ತಿದ್ದ ಆಳಕ್ಕೆ, ಕಡಲಪಾಚಿಯ ಕಾಡು ಮುಗಿದು ಬಂಡೆಗಳು ಶುರುವಾಗುವಲ್ಲಿಗೆ. ಉಳಿದ ಅಪ್ಪ ನಮ್ಮೂರು ಡೋವರ್‌ನ ಚರ್ಚಿನಲ್ಲಿ ಪೆಟ್ಟಿಗೆಯೊಳಗಿದ್ದಾನೆ, ಮಧ್ಯಾಹ್ನದ ಮೇಲೆ ಮಣ್ಣು, ನಾನಿಲ್ಲಿ ಹೋಬಾರ್ಟಿನಲ್ಲಿ ಕಪ್ಪು ಉಡುಪಿನ ಮೇಲೆ ಲ್ಯಾಬಿನ ಬಿಳಿ ಕೋಟು ಹಾಕಿಕೊಂಡು ಕೂತಿದ್ದೇನೆ, ಕಾಲಲ್ಲಿ ಹೊಸ ಶೂ, ಹಿಮ್ಮಡಿ ಆಗಲೇ ಸುಲಿದಿದೆ.

ಮನೆಗೆ ಹೋಗು ಎಂದಿದ್ದಳು ಮಿರ್ಯಾನಾ, ಲ್ಯಾಬಿನ ಮುಖ್ಯಸ್ಥೆ, ನೀನೇನು ಮನುಷ್ಯಳೋ ಕಲ್ಲೋ, ಅಪ್ಪ ಸತ್ತಿದಾನೆ, ಅಮ್ಮನ ಹತ್ತಿರ ಹೋಗಿ ಕೂತ್ಕೋ, ಇದನ್ನ ನಾನು ನೋಡ್ಕೋತೀನಿ. ಚೂರುಗಳು ಕಾಯಲ್ಲ ಎಂದೆ, ಅವಕ್ಕೆ ಇರೋದೇ ಒಂದು ವಾರದ ಆಯಸ್ಸು, ಇನ್ನೆರಡು ಉಳಿದಿವೆ. ಅವಳು ಕನ್ನಡಕ ತೆಗೆದು ಸ್ವೆಟರಿನ ಅಂಚಿನಲ್ಲಿ ಒರೆಸಿದಳು, ಬೈಯುವ ಮೊದಲು ಯಾವಾಗಲೂ ಹಾಗೆ ಮಾಡುತ್ತಾಳೆ, ಆದರೆ ಬೈಯಲಿಲ್ಲ, ನಾನು ಮೊದಲೇ ಹೇಳಿದ್ದೆ ನರೆಲ್ ಎಂದಳು, ಮಗಳು ಅಪ್ಪನ ಮೂಳೆ ನೋಡಿದ್ದು ಲೆಕ್ಕಕ್ಕೆ ಬರಲ್ಲ, ಲೇಖನಕ್ಕೆ ಬೇಕಾಗಿದ್ದು ನಾನು ನೋಡಿ ಆಯ್ತು, ಆ ಎರಡು ನಿಂದು, ಏನಾದ್ರೂ ಮಾಡ್ಕೋ, ಡಬ್ಬಿ ಮಾತ್ರ ತೊಳೆದಿಡು. ಮೊದಲ ಚೂರುಗಳನ್ನು ಅವಳು ಬರೀ ನೀರಿನ ಒತ್ತಡಕ್ಕೆ ಹಾಕಿದ್ದಳು, ಗಾಳಿ ಬೆರೆಸದೆ, ಯಾವ ಮನುಷ್ಯನೂ ಹೋಗದಷ್ಟು ಆಳದ ಒತ್ತಡ, ನಾನು ಅವಳ ಹೆಗಲ ಮೇಲಿಂದ ನೋಡುತ್ತಿದ್ದೆ, ಅಗಲವಾಗಿ ಹರಡಿಕೊಂಡಿದ್ದ ಜೀವಕೋಶಗಳು ಮೆಲ್ಲಗೆ ಮುದುಡಿದವು, ಒಳಗಿನ ದಾರದಂಥ ಎಳೆಗಳೆಲ್ಲ ತುಂಡಾಗಿ ಮಣಿಗಳಾದವು, ಸತ್ತವು ಎಂದುಕೊಂಡೆ, ಸಾಯಲಿಲ್ಲ, ಒತ್ತಡ ಬಿಟ್ಟ ಮೇಲೆ ಒಂದೊಂದೇ ಮತ್ತೆ ಹರಡಿಕೊಂಡವು, ಮಣಿಗಳು ಕೂಡಿ ದಾರವಾದವು. ಗಟ್ಟಿ ಮುದುಕ ನಿಮ್ಮಪ್ಪ ಎಂದಳು ಮಿರ್ಯಾನಾ, ಆಗ ಅಪ್ಪ ಆಸ್ಪತ್ರೆಯ ಹಾಸಿಗೆಯಲ್ಲಿ ಜೆಲ್ಲಿ ತಿನ್ನುತ್ತ ನರ್ಸುಗಳ ಜೊತೆ ಫುಟ್‌ಬಾಲ್ ಮಾತಾಡುತ್ತಿದ್ದ, ಸಂಜೆ ಹೋಗಿ ಹೇಳಿದೆ, ನಿನ್ನ ಜೀವಕೋಶಗಳನ್ನ ಎಷ್ಟು ಹಿಂಡಿದ್ರೂ ಏಳ್ತವೆ ಅಂತ, ಏನಂದೆ, ಈ ಕಡೆ ಬಂದು ಹೇಳು ಎಂದ, ಎಡಗಿವಿ ಕೇಳುವುದಿಲ್ಲ, ಅದೂ ಕಡಲೇ ತಿಂದದ್ದು, ಬಲಗಡೆಗೆ ಹೋಗಿ ಇನ್ನೊಮ್ಮೆ ಹೇಳಿದೆ, ಹಾಗಾದ್ರೆ ಈ ಕಾಲನ್ನ ಯಾಕೆ ಕತ್ತರಿಸಿದ್ರು ಎಂದು ಕೇಳಿದ, ಕೆಡಿಸಿದ್ದು ಒತ್ತಡವಲ್ಲ, ಬೇಗ ಬೇಗ ಮೇಲೆ ಬಂದದ್ದು, ಅದು ಅವನಿಗೂ ಗೊತ್ತಿತ್ತು.

ಕಾಲನ್ನಲ್ಲ, ಕಾಲಿನ ಗುಂಡನ್ನು, ತೊಡೆಮೂಳೆಯ ತಲೆ, ಅದನ್ನು ತೆಗೆದು ಲೋಹದ್ದು ಕೂರಿಸಿದರು. ಶಸ್ತ್ರಚಿಕಿತ್ಸೆಗೆ ಮುಂಚೆ ಡಾಕ್ಟರನ್ನು ಕೇಳಿದ್ದ, ಕತ್ತರಿಸಿದ್ದನ್ನ ಏನು ಮಾಡ್ತೀರಿ, ಕಸಕ್ಕಾ, ಬೇಡ, ಇವಳಿಗೆ ಕೊಡಿ, ಚಿಕ್ಕಂದಿನಿಂದ ನನ್ನ ತಲೆ ತಿಂದಿದಾಳೆ, ಈಗ ಮೂಳೆ ತಿನ್ನಲಿ. ಡಾಕ್ಟರ್ ನಗಬೇಕೋ ಬೇಡವೋ ತಿಳಿಯದೆ ನನ್ನ ಮುಖ ನೋಡಿದರು. ಸಹಿ ಹಾಕಿ ಕೊಟ್ಟ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬಂತು, ಬಿಲಿಯರ್ಡ್ಸ್ ಚೆಂಡಿನಷ್ಟು, ಆದರೆ ದುಂಡಗಿರಲಿಲ್ಲ, ಮೇಲ್ಭಾಗ ಮೊಟ್ಟೆಯ ಚಿಪ್ಪಿನಂತೆ ಕುಸಿದಿತ್ತು, ಗರಗಸ ಹಾಕಿದರೆ ಒಳಗೆ ಸುಣ್ಣದಂಥ ಬಿಳಿ, ಅದು ವರ್ಷಗಳ ಹಿಂದೆಯೇ ಸತ್ತದ್ದು, ಅದರ ಮೇಲೆಯೇ ಅಪ್ಪ ನಿಂತು ನಡೆದು ದೋಣಿ ಹತ್ತಿ ಇಳಿದದ್ದು, ಬಿಳಿಯ ಕೆಳಗೆ ಕೆಂಪು ಹಳದಿ ಬೆರೆತ ಜೀವಂತ ಮಜ್ಜೆ, ಅಲ್ಲಿಂದ ಚೂರುಗಳನ್ನು ತೆಗೆದೆ, ಮೂಳೆ ಮೂಳೆಯೇ. ಅಪ್ಪ ಅಂಗಳದ ಮೆಟ್ಟಿಲ ಮೇಲೆ ಒಂದು ಕಾಲು ಚಾಚಿ ಓರೆಯಾಗಿ ಕೂರುತ್ತಿದ್ದ, ಕೀಲಿಗೆ ತುಕ್ಕು ಹಿಡಿದಿದೆ ಎನ್ನುತ್ತಿದ್ದ, ಅಮ್ಮ ಡಾಕ್ಟರ ಹತ್ತಿರ ಹೋಗು ಎಂದರೆ ಅವಳ ಹೆಸರು ಹಿಡಿದು ಹೇಳುತ್ತಿದ್ದ, ಬೆವ್, ಡಾಕ್ಟರಿಗೆ ಹೇಳಿದ್ರೆ ಮುಳುಗಬೇಡ ಅಂತಾನೆ, ಮುಳುಗದಿದ್ರೆ ತಿನ್ನೋದೇನು ಅಬಲೋನಿ ಚಿಪ್ಪಾ? ನೋವು ಜಾಸ್ತಿಯಾದ ದಿನ ಬೇಗ ಬೇಗ ರಬ್ಬರ್ ಅಂಗಿ ಏರಿಸಿ ಮತ್ತೆ ನೀರಿಗೆ ಬೀಳುತ್ತಿದ್ದ, ಕೆಳಗೆ ಹೋದ್ರೆ ನೋವಿರಲ್ಲ ಕಣೆ ರೆಲ್, ಕೆಳಗೆ ನಾನು ಇಪ್ಪತ್ತರ ಹುಡುಗ ಎಂದ ಒಂದು ಸಲ, ನಾನಾಗ ಶಾಲೆಯ ಸಮವಸ್ತ್ರದಲ್ಲಿ ಜೆಟ್ಟಿಯ ಮೇಲೆ ಕೂತಿದ್ದೆ, ಕೆಳಗೆ ಏನೋ ಔಷಧಿ ಇದೆ ಎಂದೇ ತಿಳಿದಿದ್ದೆ, ಅದು ಒತ್ತಡ, ಬೇಗ ಮೇಲೆ ಬಂದಾಗ ಮೂಳೆಯೊಳಗೆ ಹುಟ್ಟಿದ ಗಾಳಿಗುಳ್ಳೆಗಳನ್ನು ಮತ್ತೆ ಹಿಂಡಿ ಕರಗಿಸುತ್ತಿದ್ದದ್ದು, ಮೇಲೆ ಬಂದರೆ ಅವು ಇದ್ದಲ್ಲೇ ಇದ್ದವು.

ರಕ್ತ ಹೆಪ್ಪುಗಟ್ಟಿ ಕಾಲಿನಿಂದ ಶ್ವಾಸಕೋಶಕ್ಕೆ ಹೋಯಿತು ಎಂದರು, ಇಂಥ ಆಪರೇಷನ್ ಆದಮೇಲೆ ಅಪರೂಪಕ್ಕೆ ಹೀಗಾಗುತ್ತದಂತೆ, ಚುಚ್ಚುಮದ್ದು ಕೊಟ್ಟಿದ್ದರು, ನಡೆಸಿದ್ದರು, ಎಲ್ಲ ಮಾಡಿದ್ದರು, ಬೆಳಗಿನ ಟೀ ಕೇಳಿದನಂತೆ, ಟೀ ತರುವಷ್ಟರಲ್ಲಿ ಇರಲಿಲ್ಲ. ಫೋನು ಬಂದಾಗ ನಾನು ಚೂರುಗಳ ದ್ರವ ಬದಲಾಯಿಸುತ್ತಿದ್ದೆ, ಹಳೆಯದನ್ನು ಹೀರಿ ಹೊಸ ಗುಲಾಬಿ ದ್ರವ ಹನಿಹನಿಯಾಗಿ ಬಿಡುವುದು, ಸಕ್ಕರೆ, ಉಪ್ಪು, ಕರುವಿನ ರಕ್ತದ ತಿಳಿ, ಅಂದರೆ ಅಪ್ಪ ಸತ್ತಾಗ ನಾನು ಅಪ್ಪನಿಗೆ ಊಟ ಹಾಕುತ್ತಿದ್ದೆ, ಫೋನನ್ನು ಕೆನ್ನೆಗೂ ಭುಜಕ್ಕೂ ನಡುವೆ ಒತ್ತಿಹಿಡಿದು ಹೌದು, ಹೌದು, ನಾನು ಮಗಳು, ಹೌದು ಎನ್ನುತ್ತ ಕೊನೆಯ ಬಟ್ಟಲಿಗೂ ಹಾಕಿ ಮುಚ್ಚಳ ಮುಚ್ಚಿದೆ, ಅರ್ಧಕ್ಕೆ ಬಿಡಲಾಗುವುದಿಲ್ಲ, ಒಣಗುತ್ತವೆ. ಆಮೇಲೆ ಅತ್ತದ್ದು ಕಾರಿನಲ್ಲಿ, ಪಾರ್ಕಿಂಗ್ ಗೇಟು ತೆರೆಯದೆ ಹಿಂದಿನವನು ಹಾರನ್ ಹೊಡೆದಾಗ.

ಫೋನು ಮಿಣುಕುತ್ತಿದೆ, ಅಮ್ಮ, ಬೆಳಗಿನಿಂದ ಮೂರನೆಯ ಸಲವೋ ನಾಲ್ಕನೆಯದೋ. ಎಲ್ಲಿದ್ದೀಯ, ಇನ್ನೂ ಅಲ್ಲೇನಾ ಎಂದಳು, ಹಿಂದೆ ಪಾತ್ರೆಗಳ ಸದ್ದು, ಚರ್ಚಿನ ಹೆಂಗಸರು ಅಡುಗೆಮನೆ ಹೊಕ್ಕಿದ್ದಾರೆ, ಮೊಟ್ಟೆ ಸ್ಯಾಂಡ್‌ವಿಚ್, ಸಾಸೇಜ್ ರೋಲ್, ಯಾರೋ ಲ್ಯಾಮಿಂಗ್ಟನ್, ಆ ಕೊಬ್ಬರಿ ಹಚ್ಚಿದ ಕೇಕು, ತಂದಿದಾರೆ ಎರಡು ತಟ್ಟೆ, ಕ್ಲಿಫ್‌ಗೆ, ನಿಮ್ಮಪ್ಪನಿಗೆ, ಕೊಬ್ಬರಿ ಕಂಡ್ರೆ ಆಗ್ತಿರಲಿಲ್ಲ, ನಾನು ಏನೂ ಹೇಳಲಿಲ್ಲ ಪಾಪ, ನೀನು ಬೇಗ ಅವನನ್ನ ಮುಗಿಸ್ಕೊಂಡು ಬಾ. ಮುಗಿಸ್ಕೊಂಡು ಬಾ ಎಂದಳು, ಆಮೇಲೆ ತಾನು ಹೇಳಿದ್ದು ತನಗೇ ಕೇಳಿಸಿತೇನೋ, ಕೆಲಸ ಅಂದೆ ಎಂದಳು. ಗೊತ್ತಾಯ್ತಮ್ಮ ಎಂದೆ. ಟ್ರಾಯ್ ನಿನ್ನ ಕರ್ಕೊಂಡು ಬರೋಕೆ ಹೊರಟಿದಾನೆ, ಜಗಳ ಆಡಬೇಡ ಇವತ್ತೊಂದು ದಿನ.

ಜಗಳ ಆಡಿದ್ದು ಮೊನ್ನೆ. ಅಪ್ಪ ಸತ್ತ ಮಾರನೆಯ ದಿನ ನನ್ನ ತಮ್ಮ ಟ್ರಾಯ್ ಕಡಲಿಗೆ ಹೋಗಿದ್ದ, ನಾನು ಡೋವರ್ ತಲುಪಿದಾಗ ಅಮ್ಮ ಒಬ್ಬಳೇ ಅಪ್ಪನ ಸೂಟಿಗೆ ಇಸ್ತ್ರಿ ಹಾಕುತ್ತಿದ್ದಳು, ಟ್ರಾಯ್ ಎಲ್ಲಿ ಎಂದರೆ ಕಿಟಕಿಯಾಚೆ ತೋರಿಸಿದಳು, ಬಂದ ಸಂಜೆಗೆ, ರಬ್ಬರು ಮತ್ತು ಪಾಚಿಯ ವಾಸನೆ ಹೊತ್ತು, ಕಡಲು ಕನ್ನಡಿ ಹಾಗಿತ್ತು ರೆಲ್, ಇಂಥ ದಿನ ತಿಂಗಳಿಗೊಂದು ಸಿಗಲ್ಲ, ನನ್ನ ಜಾಗದಲ್ಲಿ ನಮ್ಮ ಮುದುಕ ಇದ್ದಿದ್ರೂ ಹೋಗ್ತಿದ್ದ. ಹೌದು ಹೋಗುತ್ತಿದ್ದ, ಅಜ್ಜ ಸತ್ತಾಗಲೂ ಅಪ್ಪ ಹೋಗಿದ್ದನಂತೆ, ಅದೇ ದೋಣಿ, ದೋಣಿಯ ಮೇಲೆ ಗಾಳಿ ಒತ್ತಿ ಕಳಿಸುವ ಅದೇ ಬಗೆಯ ಕಂಪ್ರೆಸರ್, ಅದರಿಂದ ನೀರಿಗಿಳಿಯುವ ಉದ್ದನೆಯ ಹಳದಿ ಕೊಳವೆ, ಕೊಳವೆಯ ತುದಿಗೆ ಆಗ ಅಪ್ಪನ ಬಾಯಿ, ಈಗ ಟ್ರಾಯ್‌ನ ಬಾಯಿ, ಬಂಡೆಗೆ ಕಚ್ಚಿಕೊಂಡ ಚಿಪ್ಪನ್ನು ಕಬ್ಬಿಣದ ಪಟ್ಟಿಯಿಂದ ಎಬ್ಬಿ ಚೀಲಕ್ಕೆ, ಚೀಲ ತುಂಬಿದರೆ ಅದಕ್ಕೆ ಗಾಳಿ ತುಂಬಿ ಅದರ ಜೊತೆಗೇ ಸುಯ್ಯನೆ ಮೇಲಕ್ಕೆ, ಮತ್ತೆ ಕೆಳಕ್ಕೆ, ದಿನವಿಡೀ. ನಿನಗೆ ಅಪ್ಪನ ಮೂಳೆ ತೋರಿಸ್ತೀನಿ ಬಾ, ನೋಡು, ಸುಣ್ಣ ಆಗಿದೆ ಎಂದೆ, ಜೋರಾಗಿಯೇ ಎಂದೆ, ಅವನು ಫ್ರಿಜ್ಜಿನಿಂದ ಬಿಯರ್ ತೆಗೆದು ಎಡಗೈಯಲ್ಲಿ ಮುಚ್ಚಳ ತಿರುಗಿಸಿದ, ನೀನು ಇಲಿಗಳಿಗೆ ಪಾಠ ಹೇಳು, ನನಗಲ್ಲ. ಅಮ್ಮ ಇಸ್ತ್ರಿಪೆಟ್ಟಿಗೆ ನಿಲ್ಲಿಸಿದಳು, ಮತ್ತೆ ಇಸ್ತ್ರಿ ಹಾಕಿದಳು. ಬಿಯರ್ ಮುಚ್ಚಳ ತಿರುಗಿಸಿದ್ದು ಎಡಗೈಯಲ್ಲಿ. ಟ್ರಾಯ್ ಬಲಗೈಯವನು. ಅದನ್ನು ನಾನು ಆಗ ಗಮನಿಸಲಿಲ್ಲ, ಗಮನಿಸಿದ್ದು ನಿನ್ನೆ, ಶವಸಂಸ್ಕಾರದವನು ಚರ್ಚಿನಲ್ಲಿ ಹೊರುವವರನ್ನೆಲ್ಲ ಸಾಲಾಗಿ ನಿಲ್ಲಿಸಿದಾಗ, ಮಗ ಮುಂದೆ, ಬಲಭುಜ ಕೊಡಿ ಎಂದ, ಟ್ರಾಯ್ ಪೆಟ್ಟಿಗೆಯ ಸುತ್ತ ಬಂದು ಆ ಕಡೆ ನಿಂತ, ನಾನು ಈ ಕಡೆ ಹೊರ್ತೀನಿ, ಎಡಭುಜ ಕೊಡ್ತೀನಿ ಎಂದ, ಶವಸಂಸ್ಕಾರದವನು ಯಾಕೆ ಎನ್ನಲಿಲ್ಲ, ಅವನಿಗೆ ಎತ್ತರ ಸರಿಹೋದರೆ ಸಾಕು.  ಅಪ್ಪನಿಗೂ ಮೊದಲು ಹೋದದ್ದು ಭುಜವೇ, ಅದನ್ನು ಹೇಗೋ ನಿಭಾಯಿಸಿದ, ತಲೆ ಬಾಚುವುದನ್ನು ಬಿಟ್ಟು ಕೂದಲನ್ನು ಸಣ್ಣಗೆ ಕತ್ತರಿಸಿಕೊಂಡ, ನಮಗದು ಹೊಸ ಸ್ಟೈಲು. ಟ್ರಾಯ್‌ಗೆ ನಲವತ್ತೂ ಆಗಿಲ್ಲ.

ಬಾಗಿಲು ತಟ್ಟಿದ ಸದ್ದು, ಕೆಂಪು ದೀಪ ಉರೀತಿದೆ, ಒಳಗೆ ಬರಬಹುದಾ ಎಂದ ಟ್ರಾಯ್, ಬಾ, ಬೇಗ ಮುಚ್ಚು ಎಂದೆ. ಚಿಕ್ಕಪ್ಪನ ಸೂಟು ಹಾಕಿಕೊಂಡಿದ್ದಾನೆ, ತೋಳು ಗಿಡ್ಡ, ಟೈ ಒಂದು ಕಡೆಗೆ ವಾಲಿದೆ, ಒಂದೇ ಕೈಯಲ್ಲಿ ಕಟ್ಟಿದರೆ ಹಾಗೇ ಆಗುವುದು. ಕತ್ತಲೆಗೆ ಕಣ್ಣು ಹೊಂದಿಸಿಕೊಳ್ಳುತ್ತ ನಿಂತ, ಸೂಕ್ಷ್ಮದರ್ಶಕ ಯಂತ್ರದ ಮುಂದೆ ಬಾಗಿದ, ಇದರಲ್ಲಿ ಎಲ್ಲಿ ಕಣ್ಣಿಡೋದು? ಕಣ್ಣಿಡೋದಿಲ್ಲ, ಪರದೆ ನೋಡು, ಲೇಸರ್ ಬೆಳಕು ಪದರ ಪದರವಾಗಿ ನೋಡಿ ಇಲ್ಲಿ ಚಿತ್ರ ಬರೆಯತ್ತೆ. ನೋಡಿದ, ಬಹಳ ಹೊತ್ತು. ಇದೇನಾ ಮುದುಕ? ಎಂದ. ಅವನ ತೊಡೆಯ ಚೂರು ಎಂದೆ. ಈ ದೊಡ್ಡ ದೊಡ್ಡ ಗುಂಡು? ಅವು ಕೊಬ್ಬಿನ ಕೋಶ, ದ್ರಾಕ್ಷಿ ಗೊಂಚಲ ಹಾಗೆ ಇವೆ ನೋಡು, ನಡುವೆ ಸಣ್ಣ ದಾರಿ ಇದೆಯಲ್ಲ, ರಕ್ತನಾಳ, ಅಂಚಿಗೆ ಚುಕ್ಕೆ ಚುಕ್ಕೆ ಇರೋವು ಮೂಳೆ ಕಟ್ಟೋವು. ಅಷ್ಟರಲ್ಲಿ ಒಂದು ಕೋಶ ಸಣ್ಣಗೆ ಜರುಗಿತು, ಅಲುಗಾಡ್ತಾ ಇದಾನೆ ಎಂದ ಟ್ರಾಯ್, ಮಾರಾಯ್ತಿ, ಹೋದ ಹತ್ತು ವರ್ಷದಲ್ಲಿ ಸೋಫಾ ಮೇಲೆ ಇಷ್ಟು ಅಲುಗಾಡಿರಲಿಲ್ಲ. ನಕ್ಕೆವು, ಇಬ್ಬರೂ, ಮೊನ್ನೆಯಿಂದ ಮೊದಲ ಸಲ, ನಗುತ್ತಿದ್ದವನು ಮೂಗು ಒರೆಸಿಕೊಂಡ, ನಾನು ಪರದೆ ನೋಡಿದೆ. ಈಗ ಎಲ್ಲಿದಾನೆ, ಅಂದ್ರೆ ಎಷ್ಟು ಆಳ ಎಂದು ಕೇಳಿದ, ಹೇಳಿದೆ, ಅವನು ತಲೆಯಾಡಿಸಿದ, ಅಂದ್ರೆ ಕಡಲಲ್ಲಿ ಪೆಡ್ರಾ ಬಂಡೆಯ ಹತ್ತಿರ, ಅಲ್ಲಿನ ಬಂಡೆಗೋಡೆಯ ಬುಡ, ಒಳ್ಳೆ ಜಾಗ, ಅಲ್ಲಿ ನಾನೂ ಹೋಗ್ತೀನಿ. ಬೆಳಗಿನಿಂದ ಅಲ್ಲೇ ಇದಾನೆ, ಗಾಳಿಯೆಲ್ಲ ಮೂಳೆಯೊಳಗೆ ಕರಗಿದೆ, ನೀನು ಬೆಳಗಿನ ಕೆಲಸ ಮುಗಿಸಿದಾಗ ಇರ್ತೀಯಲ್ಲ ಹಾಗೆ ಎಂದೆ, ಹೇಳುವಾಗ ಏನೂ ಲೆಕ್ಕ ಹಾಕಿರಲಿಲ್ಲ, ಹೇಳಿದ ಮೇಲೆ ಹೊಳೆಯಿತು, ಒತ್ತಡವನ್ನು ಕಂಪ್ಯೂಟರಿನ ಹಿಡಿತದಿಂದ ಬಿಡಿಸಿದೆ, ಕೊಳವೆಯ ಕೊನೆಗೆ ಒಂದು ಹಿತ್ತಾಳೆಯ ಚಕ್ರವಿದೆ, ಕರೆಂಟು ಹೋದರೆ ಕೈಯಿಂದ ಒತ್ತಡ ಬಿಡಲು, ಅದನ್ನು ತೋರಿಸಿದೆ, ಇದನ್ನ ತಿರುಗಿಸಿದ್ರೆ ಮೇಲಕ್ಕೆ ಬರ್ತಾನೆ, ನೀನೇ ತಾ.

ನಾನಾ? ನೀನೇ, ದಿನಾ ನೀನು ಹೇಗೆ ಬರ್ತೀಯೋ ಹಾಗೆ. ಅನುಮಾನದಿಂದ ನೋಡಿದ, ಇದು ಪರೀಕ್ಷೆ ತಾನೇ, ನನ್ನ ಸಿಕ್ಕಿಸೋಕೆ ನೋಡ್ತಿದೀಯ. ಪರೀಕ್ಷೆ ಅಪ್ಪನಿಗೆ, ನಿನಗಲ್ಲ ಎಂದೆ, ಸುಳ್ಳು ಹೇಳಿದೆ, ಅವನಿಗೂ ಅದು ಗೊತ್ತಾಯಿತು, ಆದರೂ ಚಕ್ರಕ್ಕೆ ಕೈ ಹಾಕಿದ, ಮೊದಲು ಬಲಗೈ ಚಾಚಿದ, ಅದು ಅರ್ಧಕ್ಕೇ ನಿಂತಿತು, ಎಡಗೈಗೆ ಬದಲಿಸಿದ, ನಾನು ಕಾಣದವಳಂತೆ ಇದ್ದೆ. ಇಲ್ಲಿ ಚೀಲ ತುಂಬಿತು ಎಂದ, ತನಗೆ ತಾನೇ, ಬಾಯಿ ಅಲುಗಿತು ಅಷ್ಟೇ, ಗಾಳಿ ಬಿಟ್ಟೆ, ಹಗ್ಗ ಹಿಡಿದೆ, ಚಕ್ರ ತಿರುಗಿಸಿದ, ಒತ್ತಡ ತೋರಿಸುವ ಮುಳ್ಳು ಜಾರಿತು, ಪಾಚಿ ದಾಟಿದೆ, ಬೆಳಕು, ಈಗ ದೋಣಿಯ ಹೊಟ್ಟೆ ಕಾಣತ್ತೆ, ದೋಣಿ ಮೇಲಿನ ಕೆಲಸದ ಹುಡುಗ ಕೊಕ್ಕೆ ಹಾಕ್ತಾನೆ, ಬಂದೆ. ಮುಳ್ಳು ತಳಕ್ಕೆ ಬಡಿಯಿತು. ಮೊದಲು ಏನೂ ಆಗಲಿಲ್ಲ, ನೋಡು, ಏನಾಯ್ತು, ಏನೂ ಆಗಲಿಲ್ಲ ಎಂದ, ಅಪ್ಪನೂ ಹಾಗೇ ಅನ್ನುತ್ತಿದ್ದ, ಮೇಲೆ ಬಂದು ಟೀ ಕುಡಿಯುವವರೆಗೆ ಏನೂ ಇರುವುದಿಲ್ಲ. ಇರು ಎಂದೆ. ಪರದೆಯ ನಡುವೆ, ದ್ರಾಕ್ಷಿಗಳ ಸಂದಿಯಲ್ಲಿ, ಒಂದು ಕಪ್ಪು ಚುಕ್ಕೆ, ಗಾಳಿಗೆ ಬಣ್ಣ ಹತ್ತುವುದಿಲ್ಲ, ಅದಕ್ಕೇ ಕಪ್ಪು, ಸೂಜಿಮೊನೆಯಷ್ಟಿದ್ದದ್ದು ಕಾಳಾಯಿತು, ಕಾಳು ಗುಂಡಾಯಿತು, ಪಕ್ಕದಲ್ಲಿ ಇನ್ನೊಂದು, ಆ ಮೂಲೆಯಲ್ಲಿ ಇನ್ನೊಂದು, ಕೊಬ್ಬಿನೊಳಗಿಂದಲೇ ಹುಟ್ಟುತ್ತವೆ, ಅಲ್ಲಿ ಗಾಳಿ ಹೆಚ್ಚು ಕರಗಿರುತ್ತದೆ, ಗುಂಡುಗಳು ಉಬ್ಬಿ ಉಬ್ಬಿ ಒಂದನ್ನೊಂದು ಮುಟ್ಟಿ ಸೇರಿದವು, ನಡುವಿನ ದಾರಿ, ಆ ರಕ್ತನಾಳ, ಚಪ್ಪಟೆಯಾಯಿತು, ಗೆರೆಯಾಯಿತು, ಆಮೇಲೆ ಗೆರೆಯೂ ಇಲ್ಲ, ಒಂದು ಹಸಿರು ಕೋಶ ಹಿಗ್ಗಿ ಕಾಗದದಂತೆ ತೆಳುವಾಗಿ ಹರಿಯಿತು, ಸ್ವಲ್ಪ ಹೊತ್ತಿಗೆ ಅದು ಕೆಂಪು, ಅದರ ಪಕ್ಕದ್ದು ಕೆಂಪು, ಸದ್ದೇ ಇಲ್ಲ, ಇಷ್ಟೆಲ್ಲ ಆಗುವಾಗ ಸದ್ದೇ ಇರುವುದಿಲ್ಲ, ಫ್ಯಾನು ತಿರುಗುತ್ತಿತ್ತು. ನೂರಾರು ಸಲ ನೋಡಿದ್ದೇನೆ, ಇಲಿಯದ್ದು, ಕುರಿಯದ್ದು, ಹೆಸರಿಲ್ಲದ ಮನುಷ್ಯರದ್ದು, ಬರೆದುಕೊಂಡಿದ್ದೇನೆ, ಸಭೆಗಳಲ್ಲಿ ತೋರಿಸಿದ್ದೇನೆ, ಇದು ಅಪ್ಪನದು, ಮೆಟ್ಟಿಲ ಮೇಲೆ ಚಾಚಿದ್ದ ಕಾಲಿನದು, ಇದನ್ನು ನಾನೇ ಆಗಗೊಟ್ಟೆ.

 ಟ್ರಾಯ್ ಚಕ್ರದಿಂದ ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡ, ಒದ್ದೆಯಾಗಿರಲಿಲ್ಲ, ಆದರೂ ಒರೆಸಿಕೊಂಡ. ಅವನಿಗೆ ವಯಸ್ಸಾಗಿತ್ತು ಎಂದ ಕೊನೆಗೆ, ವಯಸ್ಸಾದ ಮೂಳೆ, ನಂದು ಹಂಗಿಲ್ಲ. ಇರಬಹುದು ಎಂದೆ. ನಾನು ಮುಳುಗೋವಾಗ ಗಡಿಯಾರ ಕಟ್ಟಿರ್ತೀನಿ, ಅದು ಕೂಗ್ಕೊಳತ್ತೆ ಬೇಗ ಮೇಲೆ ಬಂದ್ರೆ ಎಂದ. ಕೂಗಿದ್ರೆ ನಿಲ್ತೀಯಾ? ಅವನು ವಾಲಿದ್ದ ಟೈಯನ್ನು ಎಡಗೈಯಲ್ಲಿ ಎಳೆದುಕೊಂಡ. ಜಗಳ ಆಡಬೇಡ ಎಂದಿದ್ದಳು ಅಮ್ಮ, ಆಡಲಿಲ್ಲ, ಕೋಟಿನ ಗುಂಡಿ ಬಿಚ್ಚಿದೆ, ಹೋಗೋಣ, ದಾರಿ ದೂರ ಇದೆ ಎಂದೆ. ಅದರಲ್ಲೇನಿದೆ? ಅವನು ಬೆಚ್ಚನೆಯ ಪೆಟ್ಟಿಗೆಯನ್ನು ನೋಡುತ್ತಿದ್ದ. ಇನ್ನೊಂದು ಚೂರು. ಅದೂ ಅವನೇನಾ? ಅವನೇ. ಕೆಳಗೇ ಇದಾನಾ ಇನ್ನೂ? ಕೆಳಗೇ ಇದಾನೆ, ನಾವು ಬರೋದು ನಾಳೆಯಾಗತ್ತೆ, ಒತ್ತಡ ತಾನೇ ಇಳಿಯೋ ಹಾಗೆ ಹೇಳಿಟ್ಟು ಹೋಗ್ತೀನಿ, ಯಂತ್ರ ಮಾಡ್ಕೊಳತ್ತೆ. ಅವನು ಕುರ್ಚಿ ಎಳೆದುಕೊಂಡು ಕೂತ, ಸೂಟಿನ ಹೊಲಿಗೆ ಎಲ್ಲೋ ಪರ್ ಎಂದಿತು, ಹಾಕು ಅದನ್ನ ಇದರ ಕೆಳಗೆ ಎಂದ. ಟ್ರಾಯ್, ಹೊತ್ತಾಗತ್ತೆ. ಹಾಕು ರೆಲ್. ಎಷ್ಟು ನಿಧಾನ ಬರಬೇಕು ಹೇಳು, ಸರಿಯಾಗಿ, ನಿಮ್ಮ ಪುಸ್ತಕದಲ್ಲಿ ಇರೋ ಹಾಗೆ.

ಡಬ್ಬಿ ಬದಲಿಸಿದೆ, ಕೊಳವೆ ಜೋಡಿಸಿದೆ, ಸೋರುತ್ತಿಲ್ಲ, ಪರದೆಯ ಮೇಲೆ ಮತ್ತೆ ಹಸಿರು, ಬೇರೆ ದ್ರಾಕ್ಷಿ, ಬೇರೆ ದಾರಿಗಳು, ಅದೇ ಅಪ್ಪ. ಮುಳ್ಳು ಎಲ್ಲೆಲ್ಲಿ ನಿಲ್ಲಬೇಕು ಎಂದು ತೋರಿಸಿದೆ, ನಿಂತಲ್ಲಿ ಎಷ್ಟು ಕಾಯಬೇಕು, ಮೇಲೆ ಮೇಲೆ ಬಂದಂತೆ ಇನ್ನೂ ಹೆಚ್ಚು ಕಾಯಬೇಕು, ಕೊನೆಯದೇ ಕಷ್ಟ, ದೋಣಿ ಕಾಣುತ್ತಿರುತ್ತದೆ, ಕೈಗೆಟುಕುವಷ್ಟು ಹತ್ತಿರ, ಆದರೂ ಅಲ್ಲೇ ನೇತಾಡಬೇಕು. ಗೊತ್ತು ಎಂದ, ಇದು ಯಾರಿಗೆ ಗೊತ್ತಿಲ್ಲ, ಚಳಿಯಲ್ಲಿ ಅಲ್ಲಿ ನೇತಾಡೋದು ಬೇಜಾರು ಅಷ್ಟೇ, ಮುದುಕ ಯಾವತ್ತಾದ್ರೂ ನೇತಾಡಿದ್ದು ನೋಡಿದೀಯಾ. ಎಡಗೈಯನ್ನು ಚಕ್ರದ ಮೇಲಿಟ್ಟ. ಎಡಗೈಯ ಹೆಬ್ಬೆರಳಿನ ಬುಡದಲ್ಲಿ ಉದ್ದನೆಯ ಬಿಳಿ ಗೀರು, ಅಬಲೋನಿ ಚಿಪ್ಪಿನ ಅಂಚು ಕೊಯ್ದದ್ದು, ಯಾವಾಗಲೋ, ಹೊಲಿಗೆ ಹಾಕಿಸಿಕೊಳ್ಳದೆ ಹಾಗೇ ಕೂಡಿಕೊಂಡದ್ದು, ಹಿತ್ತಾಳೆಯ ಮೇಲೆ ಆ ಹೆಬ್ಬೆರಳು ಅಲುಗಿತೋ ಇಲ್ಲವೋ ಕಾಣಲಿಲ್ಲ, ಆದರೆ ಮುಳ್ಳು ಕೂದಲೆಳೆಯಷ್ಟು ಜರುಗಿತು, ನಿಂತಿತು. ಕಾದೆವು. ನಾನು ಪರದೆ ನೋಡುತ್ತಿದ್ದೆ, ಅವನು ಮುಳ್ಳು ನೋಡುತ್ತಿದ್ದ, ಗುಳ್ಳೆ ಇದ್ಯಾ, ಇಲ್ಲ, ಈಗ, ಇಲ್ಲ, ಮತ್ತೆ ಕಾಯುವುದು, ಹೊರಗೆ ಕಾರಿಡಾರಿನಲ್ಲಿ ಯಾರೋ ನಕ್ಕುಕೊಂಡು ಹೋದರು, ಊಟದ ಹೊತ್ತು, ನಾವು ಆಗಲೇ ಊರ ದಾರಿಯಲ್ಲಿರಬೇಕಿತ್ತು, ಹ್ಯೂಯೋನ್‌ವಿಲ್ ದಾಟಿರಬೇಕಿತ್ತು.

ಅಮ್ಮನ ಫೋನು. ಈ ಸಲ ಟ್ರಾಯ್‌ನ ಜೇಬಿನಲ್ಲಿ, ತೆಗಿ, ಕಿವಿಗಿಡು ಎಂದ, ಚಕ್ರ ಬಿಡಲಿಲ್ಲ, ತೆಗೆದು ಅವನ ಕಿವಿಗಿಟ್ಟೆ, ಅಮ್ಮನ ದನಿ ನನಗೂ ಕೇಳುವಷ್ಟು ಜೋರಾಗಿತ್ತು, ಎಲ್ಲಿ ಸತ್ರಿ ಇಬ್ಬರೂ, ಮನೆಗೆ ಜನ ಬರೋಕೆ ಶುರು ಮಾಡಿದಾರೆ, ಪಾದ್ರಿ ಕೇಳ್ತಿದಾರೆ, ನಾನೊಬ್ಬಳೇ ಎಷ್ಟು ಜನಕ್ಕೆ ಕೈ ಕೊಡಲಿ. ಅಮ್ಮಾ ಎಂದ ಟ್ರಾಯ್, ಲ್ಯಾಬಲ್ಲೇ ಇದೀವಿ, ಸ್ವಲ್ಪ ತಡ ಆಗತ್ತೆ. ಏನು ತಡ, ಏನು ಮಾಡ್ತಿದೀರಿ ಅಲ್ಲಿ? ಅವನು ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ, ಮುದುಕನ್ನ ಮೇಲಕ್ಕೆ ತರ್ತಾ ಇದೀನಿ ಎಂದ. ಆ ಕಡೆ ಪಾತ್ರೆಗಳ ಸದ್ದು, ಯಾರೋ ಹೆಂಗಸು ಸಕ್ಕರೆ ಎಲ್ಲಿ ಎನ್ನುತ್ತಿದ್ದಾಳೆ, ಅಮ್ಮ ಸಿಂಕಿನ ಮುಂದೆ ನಿಂತಿರಬೇಕು, ಅಲ್ಲಿಂದ ಕೊಲ್ಲಿ ಕಾಣುತ್ತದೆ, ಮದುವೆಯಾದಾಗಿನಿಂದ ಅಲ್ಲೇ ನಿಂತು ದೋಣಿ ಬರುತ್ತದೋ ಎಂದು ನೋಡಿದವಳು, ನಾವು ಶಾಲೆಯಿಂದ ಬಂದಾಗ ಬೆನ್ನೇ ಕಾಣುತ್ತಿತ್ತು, ಬೆನ್ನಿನ ಮೇಲೆ ಏಪ್ರನ್ನಿನ ಗಂಟು, ಅಪ್ಪನ ದೋಣಿ ಮೂಲೆ ತಿರುಗಿದರೆ ಮಾತ್ರ ನಮ್ಮ ಕಡೆ ತಿರುಗಿ ಏನು ತಿಂತೀರಿ ಎನ್ನುತ್ತಿದ್ದಳು. ಟ್ರಾಯ್, ಎಂದಳು ಕೊನೆಗೆ, ದನಿ ಬೇರೆಯಾಗಿತ್ತು. ಹೂಂ ಎಂದ. ಹಾಗಾದ್ರೆ ನಿಧಾನಕ್ಕೇ ತಾ. ಪಾದ್ರಿಗೆ ನಾನು ಹೇಳ್ಕೋತೀನಿ.

ಫೋನು ಮೇಜಿನ ಮೇಲಿಟ್ಟೆ.  ಮುಳ್ಳು ಅರ್ಧದಾರಿ ಬಂದಿದೆ, ಈಗ ಇಲ್ಲಿ ನಿಲ್ಲಬೇಕು, ನಿಂತಿದ್ದಾನೆ, ಪರದೆಯಲ್ಲಿ ಹಸಿರು, ದಾರಿಗಳು ತೆರೆದೇ ಇವೆ, ಎಲ್ಲೂ ಕಪ್ಪಿಲ್ಲ, ಒಂದು ಕಡೆ ಇದ್ದ ಹಾಗೆ ಅನ್ನಿಸಿತು, ನನ್ನ ಕಣ್ಣ ದಣಿವು, ಇಲ್ಲ. ಗುಳ್ಳೆ ಇದ್ಯಾ? ಇಲ್ಲ. ಇನ್ನೂ ಸ್ವಲ್ಪ ಬಿಡಲಾ? ಬೇಡ, ಕಾಯಿ. ಕಾಯುತ್ತಾನೆ, ನನ್ನ ತಮ್ಮ ಕಾಯುತ್ತಾನೆ, ಹುಟ್ಟಿದಾಗಿನಿಂದ ಯಾವುದಕ್ಕೂ ಕಾಯದವನು, ಒಂಬತ್ತು ತಿಂಗಳಿಗೂ ಕಾಯದೆ ಬಂದವನು ಎಂದು ಅಪ್ಪ ರೇಗಿಸು‌ತ್ತಿದ್ದ. ರೆಲ್, ಎಂದ ಮುಳ್ಳು ನೋಡುತ್ತಲೇ, ಆ ಸ್ಕ್ಯಾನ್ ತೆಗೀತಾಳಲ್ಲ ನಿನ್ನ ಸ್ನೇಹಿತೆ, ಅಪ್ಪನ ಕಾಲಿಗೆ ತೆಗೆದಳಲ್ಲ, ಅವಳು ಭುಜಕ್ಕೂ ತೆಗೀತಾಳಾ? ತೆಗೀತಾಳೆ ಎಂದೆ, ಬೇರೆ ಏನೂ ಹೇಳಲಿಲ್ಲ, ಹೇಳಿದರೆ ಅವನ ಮನಸ್ಸು ಓಡಿಹೋಗುತ್ತದೆ ಅನ್ನಿಸಿತು, ಹೇಳುತ್ತೇನೆ ಅವಳಿಗೆ, ಸೋಮವಾರವೇ, ಸುಣ್ಣವಾಗಿದ್ದರೆ ಸುಣ್ಣವಾಗಿದೆ, ಅದು ಹಿಂದಕ್ಕೆ ಬರುವುದಿಲ್ಲ, ಆಗಿರದ ಭಾಗವೂ ಇರುತ್ತದಲ್ಲ, ಅದರ ಕೆಳಗೆ ಇರುತ್ತದಲ್ಲ ಕೆಂಪು. ಯಾವ ಕಡೆ, ಬಲವಾ ಎಂದು ಮಾತ್ರ ಕೇಳಿದೆ, ಗೊತ್ತಿದ್ದೂ. ಬಲ ಎಂದ, ಈಗ ಬಿಡಲಾ? ಬಿಡು, ಸ್ವಲ್ಪವೇ. ಹೆಬ್ಬೆರಳು, ಬಿಳಿ ಗೀರು, ಗೀರಿನ ಮೇಲೆ ಪರದೆಯ ಹಸಿರು ಬೆಳಕು ಬಿದ್ದಿದೆ, ಚಕ್ರ ತಿರುಗುವುದು ಕಾಣುವುದಿಲ್ಲ, ಡೋವರ್‌ನಲ್ಲಿ ಜನ ಬೆಂಚುಗಳಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿರುತ್ತಾರೆ, ಅಮ್ಮ ಏನೋ ಹೇಳಿರುತ್ತಾಳೆ, ಏನು ಹೇಳಿದಳೋ, ಕ್ಲಿಫ್ ಇನ್ನೂ ಬಂದಿಲ್ಲ ಎಂದಳೋ, ನಿಲ್ಲು ಎಂದೆ, ನಿಂತ, ಹಿತ್ತಾಳೆಯ ಮೇಲೆ ಹೆಬ್ಬೆರಳು, ಬಿಳಿ ಗೀರು, ಗುಳ್ಳೆ ಇದ್ಯಾ, ಇಲ್ಲ, ಹಿತ್ತಾಳೆಯ ಮೇಲೆ ಹೆಬ್ಬೆರಳು, ಅಲುಗುತ್ತಿಲ್ಲ, ಅಲುಗುತ್ತಿದೆ, ಹಿತ್ತಾಳೆಯ ಮೇಲೆ ಹೆಬ್ಬೆರಳು —